ರೂಟರ್ ಪ್ಲಗ್ ಎಲ್ಲಿದೆ, ಅದನ್ನ ಮೊದಲು ನೋಡು ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ಸಂಜೆ ಕರೆಂಟ್ ಹೋಯ್ತು, ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯ್ತು, ನ್ಯಾಸೂ, ಅದೇ ಮನೆ ಫೋಟೋ ಫೈಲೆಲ್ಲ ಇಟ್ಟಿರೋ ಡಿಸ್ಕ್ ಡಬ್ಬಿ, ಅದರ ಜೊತೆಗೇ ಆಫ್ ಆಯ್ತು, ಡಿಸ್ಕ್ ಹಾಳಾಗಿರುತ್ತಾ, ಇನ್ಮೇಲೆ ಬ್ಯಾಟರಿ ಎಷ್ಟು ಉಳಿದಿದೆ ಅಂತ ರೂಟರ್‌ನಿಂದಲೇ ನೋಡ್ಕೋಬಹುದಾ ದೊಡ್ಡಪ್ಪ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಕನ್ನಡಕ ಸಿಕ್ತಿಲ್ಲ, ಮಾತಾಡ್ತೀನಿ, ಫೋನೇ ಬರ್ಕೊಳ್ಳುತ್ತೆ. ಉದ್ದ ಆಯ್ತು ಅಂತ ಯಾರೂ ಮುಖ ಸಿಂಡರಿಸಬೇಡಿ.

ನೋಡ್ಕೋಬಹುದು. ಆದ್ರೆ ಅದಕ್ಕೆ ಮುಂಚೆ ಎದ್ದು ಹೋಗಿ ರೂಟರ್ ಅಡಾಪ್ಟರ್ ಯಾವ ಸಾಕೆಟ್‌ನಲ್ಲಿದೆ ನೋಡು. ಗೋಡೇಲಿದ್ರೆ ಕಿತ್ತು ಯುಪಿಎಸ್ ಬೆನ್ನಿಗೆ ಹಾಕು. ಯುಪಿಎಸ್‌ನ ಮೇಲೆ ಕಣ್ಣಿಡೋ ರೂಟರ್, ಆ ಯುಪಿಎಸ್‌ನಿಂದಲೇ ಉಣ್ಣಬೇಕು.

ಬಟವಾಡಿ ಮನೇಲಿ ಅಜ್ಜಿ ಫೋಟೋಗಳು ಹೋದದ್ದು ನಿಮಗೆಲ್ಲ ಗೊತ್ತು. ಡಿಸ್ಕ್ ಕೆಟ್ಟಿತ್ತು ಅಂತಲೇ ಎಲ್ಲರೂ ತಿಳ್ಕೊಂಡಿದ್ದೀರ. ಡಿಸ್ಕ್ ಕೆಟ್ಟಿರಲಿಲ್ಲ. ಯುಪಿಎಸ್‌ನ ಯುಎಸ್‌ಬಿ ವೈರು ರೂಟರ್‌ಗೆ ಹಾಕಿತ್ತು, ರೂಟರ್‌ನಲ್ಲಿ ನಟ್ ಅನ್ನೋ ಸಾಫ್ಟ್‌ವೇರ್ ಓಡ್ತಿತ್ತು. ನ್ಯಾಸ್ 5 ಸೆಕೆಂಡಿಗೊಂದ್ಸಲ ಯುಪಿಎಸ್ ಹೇಗಿದೆ ಅಂತ ರೂಟರನ್ನ ಕೇಳೋದು, ರೂಟರ್ ಓಎಲ್ ಅನ್ನೋದು, ಅಂದ್ರೆ ಲೈನ್ ಕರೆಂಟ್ ಇದೆ ಅಂತ. ಕರೆಂಟ್ ಹೋದ್ರೆ ಓಬಿ, ಬ್ಯಾಟರಿ ಮೇಲಿದೆ ಅಂತ. ಬ್ಯಾಟರಿ ಮುಗೀತಾ ಬಂದ್ರೆ ಅದರ ಜೊತೆ ಎಲ್‌ಬಿ, ಆಗ ನ್ಯಾಸ್ ತಾನಾಗೇ ಎಲ್ಲ ಮುಚ್ಚಿಟ್ಟು ಮಲಗಬೇಕು. ವ್ಯವಸ್ಥೆ ಚೆನ್ನಾಗೇ ಇತ್ತು.

ಆದ್ರೆ ರೂಟರ್ ಪ್ಲಗ್ ಗೋಡೇಲಿತ್ತು. ಯುಪಿಎಸ್‌ಗೆ ಇದ್ದದ್ದು ಮೂರು ಸಾಕೆಟ್: ಒಂದಕ್ಕೆ ನ್ಯಾಸು, ಒಂದಕ್ಕೆ ಫೈಬರ್ ಡಬ್ಬಿ, ಮೂರನೇದಕ್ಕೆ ಧಾರಾವಾಹಿ ನಿಲ್ಲಬಾರದು ಅಂತ ಸೆಟ್‌ಟಾಪ್ ಬಾಕ್ಸು. ಯಾರು ಹಾಕಿದ್ದು ಅಂತ ಗ್ರೂಪಲ್ಲಿ ಹೇಳಲ್ಲ, ಅವರೂ ಇಲ್ಲೇ ಇದ್ದಾರೆ. ಆಲಿಕಲ್ಲು ಮಳೆಗೆ ಕರೆಂಟ್ ಹೋಯ್ತು, ಆ ಕ್ಷಣಕ್ಕೇ ರೂಟರೂ ಸತ್ತಿತು. ನ್ಯಾಸ್ ಕೊನೇ ಸಲ ಕೇಳಿಸ್ಕೊಂಡದ್ದು ಓಎಲ್. ಆಮೇಲೆ ಉತ್ತರವೇ ಇಲ್ಲ.

ನಟ್‌ನ ಲೆಕ್ಕ ಹೀಗಿದೆ: ಕೊನೇಗೆ ಕೇಳಿದ್ದು ಓಬಿ ಆಗಿದ್ದು, 15 ಸೆಕೆಂಡ್ ಉತ್ತರ ಬರದಿದ್ರೆ, ಕೆಟ್ಟದ್ದೇ ಆಗಿದೆ ಅಂತ ತಿಳ್ಕೊಂಡು ಮಿಷನ್ ಮುಚ್ಚುತ್ತೆ. ಕೊನೇಗೆ ಕೇಳಿದ್ದು ಓಎಲ್ ಆಗಿದ್ರೆ, ಸಂಪರ್ಕ ತಪ್ಪಿದೆ ಅಂತ ಬರೆದಿಟ್ಟು ಕಾಯ್ತಾ ಕೂರುತ್ತೆ. ವೈರ್ ಸಡಿಲ ಆದಾಗೆಲ್ಲ ಮಿಷನ್ ಆಫ್ ಆಗಬಾರದಲ್ಲ, ಅದಕ್ಕೆ. ರೂಟರ್ ಇನ್ನೊಂದು ಹತ್ತು ಸೆಕೆಂಡ್ ಬದುಕಿದ್ದು ಒಂದೇ ಒಂದು ಓಬಿ ಹೇಳಿದ್ರೂ ಸಾಕಿತ್ತು. ಹೇಳಲಿಲ್ಲ. ಬ್ಯಾಟರಿ ಬರಿದಾಗೋವರೆಗೂ ನ್ಯಾಸ್ ಬರೀತಾನೇ ಇತ್ತು, ಬರೀತಿದ್ದಾಗಲೇ ಕಡೀತು. ಎರಡು ಡಿಸ್ಕ್‌ನಲ್ಲಿ ಒಂದೇ ಪ್ರತಿ ಇಟ್ಟಿದ್ವಿ, ಒಂದು ಕೆಟ್ರೆ ಇನ್ನೊಂದು ಇರುತ್ತೆ ಅಂತ. ಹೀಗೆ ಕಡಿದಾಗ ಎರಡಕ್ಕೂ ಒಟ್ಟಿಗೇ ಪೆಟ್ಟು, ಅರ್ಧ ಬರೆದದ್ದು ಎರಡರಲ್ಲೂ ಅರ್ಧವೇ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೊ. ರೂಟರ್ ಪ್ಲಗ್ ಗೋಡೆಗೆ ಬೇಡ, ಯುಪಿಎಸ್‌ಗೇ ಹಾಕು. ಅದರಲ್ಲೂ ಬ್ಯಾಟರಿ ಕೊಡೋ ಸಾಕೆಟ್‌ಗೆ. ಕೆಲವು ಯುಪಿಎಸ್‌ನಲ್ಲಿ ಒಂದು ಸಾಕೆಟ್ ಸರ್ಜ್, ಅಂದ್ರೆ ಕರೆಂಟ್ ಏಕಾಏಕಿ ಉಕ್ಕೋದು, ಅದನ್ನ ತಡೆಯೋಕೆ ಮಾತ್ರ ಇರುತ್ತೆ, ಪಕ್ಕದಲ್ಲೇ ಬರೆದಿರುತ್ತೆ, ಅದಕ್ಕೆ ಬ್ಯಾಟರಿ ಸಿಗಲ್ಲ. ರೂಟರ್‌ಗೂ ನ್ಯಾಸ್‌ಗೂ ಮಧ್ಯೆ ಲ್ಯಾನ್ ವೈರ್ ಸೇರಿಸೋ ಪುಟ್ಟ ಸ್ವಿಚ್ ಡಬ್ಬಿ ಇದ್ರೆ ಅದೂ ಯುಪಿಎಸ್ ಮೇಲೇ ಇರಬೇಕು. ಅದು ಸತ್ರೂ ಮಾತು ನಿಂತ ಹಾಗೇ.

ಇದನ್ನೇ ಮಾರ್ಚ್‌ನಲ್ಲಿ ಇದೇ ಗ್ರೂಪಲ್ಲಿ ಬರೆದಿದ್ದೆ. ಮೂರು ಜನ ಕೈ ಮುಗಿಯೋ ಚಿತ್ರ ಹಾಕಿದ್ರಿ, ಒಬ್ಬ ಗುಡ್ ಮಾರ್ನಿಂಗ್ ಹೂವು ಹಾಕಿದ. ಮನೇಲಿ ನಾಲ್ಕು ಜನ ಇಂಜಿನಿಯರಿಂಗ್ ಓದಿದ್ದೀರ, ಯುಪಿಎಸ್ ಕೂಗಿದ್ರೆ ಬಟನ್ ಒತ್ತಿ ಅದರ ಬಾಯಿ ಮುಚ್ಚಿಸ್ತೀರ, ಅದು ಏನು ಹೇಳ್ತಿದೆ ಅಂತ ಕೇಳಲ್ಲ. ಇನ್ನು ಕರೆಂಟಿನ ಕಥೆ ಬೇರೆ. ನಮ್ಮದೇ ಜಿಲ್ಲೆ ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ದೂರದೂರಿಂದ ಬಂದು ನೋಡ್ಕೊಂಡು ಹೋಗ್ತಾರೆ. ಇಲ್ಲಿ ತುಮಕೂರಲ್ಲಿ ನಾಲ್ಕು ಹನಿ ಬಿದ್ರೆ ಬೀದಿಯೆಲ್ಲ ಕತ್ತಲು. ಫೋನ್ ಮಾಡಿದ್ರೆ ರಿಪೇರಿಗೆ ಲೈನ್ ಆಫ್ ಮಾಡಿ ಲೈನ್ ಕ್ಲಿಯರ್ ಕೊಟ್ಟಿದ್ದೀವಿ ಸಾರ್ ಅಂತಾರೆ, ಯಾರಿಗೆ ಕೊಟ್ಟಿದ್ದಾರೋ.

ಅಯ್ಯೋ, ನೀನು ಕೇಳಿದ್ದು ಹೇಗೆ ನೋಡೋದು ಅಂತ. ಹೇಳ್ತೀನಿ ಇರು.

ಮೊದಲು ಯುಪಿಎಸ್ ಹಿಂದೆ ಪ್ರಿಂಟರ್‌ಗೆ ಇರೋ ಥರ ಚೌಕ ಯುಎಸ್‌ಬಿ ಕಿಂಡಿ ಇದೆಯಾ ನೋಡು. ಎಪಿಸಿ ಕಂಪನಿದಾದ್ರೆ ಲ್ಯಾನ್ ಕಿಂಡಿ ಥರದ್ದೇ ಇರಬಹುದು. ಅದು 10 ಪಿನ್ನಿಂದು, ಎಪಿಸಿದೇ ವೈರ್ ಬೇಕು, ಲ್ಯಾನ್ ವೈರ್ ಚುಚ್ಚಬೇಡ. ಯಾವ ಕಿಂಡಿಯೂ ಇಲ್ಲದಿದ್ರೆ ಅದರ ಹತ್ತಿರ ಮಾತಾಡೋಕೆ ದಾರಿ ಇಲ್ಲ. ರೂಟರ್‌ಗೆ ಅಂತಲೇ ಮಾರೋ 12 ವೋಲ್ಟ್ ಮಿನಿ ಯುಪಿಎಸ್ಸೂ ಅಷ್ಟೇ, ಬರೀ ಕರೆಂಟ್ ಕೊಡುತ್ತೆ.

ಇಂಟರ್ನೆಟ್‌ನವರು ಕೊಟ್ಟ ಡಬ್ಬದಲ್ಲಿ ಯುಎಸ್‌ಬಿ ಇದ್ರೂ ಪ್ರಯೋಜನ ಇಲ್ಲ, ನಟ್ ಹಾಕೋಕೆ ಅದು ಬಿಡಲ್ಲ. ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಬದಲಿ ಸಾಫ್ಟ್‌ವೇರ್ ಹಾಕಬಹುದಾದ, ಯುಎಸ್‌ಬಿ ಇರೋ ರೂಟರ್ ಬೇಕು. ಅಳಿಯಂದಿರು ತಂದಿರೋದು ಅದೇ ಇರಬೇಕು. ನ್ಯಾಸ್ ಒಂದೇ ಇದ್ದಿದ್ರೆ ಯುಎಸ್‌ಬಿ ನೇರ ಅದಕ್ಕೇ ಹಾಕ್ಕೋ, ರೂಟರ್ ಉಸಾಬರಿ ಬೇಡ ಅಂತಿದ್ದೆ. ಅಳಿಯಂದಿರ ಆಫೀಸ್ ಕಂಪ್ಯೂಟರೂ ಅದೇ ಯುಪಿಎಸ್ ಮೇಲಿದೆಯಲ್ಲ, ಇಬ್ಬರಿಗೂ ಸುದ್ದಿ ಹೇಳೋಕೆ ರೂಟರೇ ಸರಿ.

ರೂಟರ್‌ನಲ್ಲಿ ನಟ್-ಸರ್ವರ್, ನಟ್-ಯುಪಿಎಸ್‌ಸಿ, ಆಮೇಲೆ ಯುಪಿಎಸ್ ಭಾಷೆ ಅರ್ಥ ಮಾಡ್ಕೊಳ್ಳೋ ಒಂದು ಡ್ರೈವರ್ ಪ್ಯಾಕೇಜ್ ಹಾಕು. ಯಾವ ಡ್ರೈವರ್ ಅನ್ನೋದಕ್ಕೆ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟು ನಂಬರ್ ನೋಡು. 051ಡಿ ಅಂತ ಶುರುವಾದ್ರೆ ಎಪಿಸಿ, ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್. 0665:5161 ಅಂತ ಬಂದ್ರೆ ಅಗ್ಗದ ಯುಪಿಎಸ್‌ಗಳಲ್ಲಿ ಬರೋ ಚಿಪ್ಪು, ಅದಕ್ಕೆ ನಟ್‌ಡಿಆರ್‌ವಿ-ಕ್ಯೂಎಕ್ಸ್. ಹೆಚ್ಚು ಜನ ಎಡವೋದು ಇಲ್ಲೇ. ತಪ್ಪು ಡ್ರೈವರ್ ಹಾಕಿ ಯುಪಿಎಸ್ ಸರಿ ಇಲ್ಲ ಅಂತಾರೆ.

ಸೆಟ್ಟಿಂಗ್‌ನಲ್ಲಿ ಯುಪಿಎಸ್ ಹೆಸರು 'ಯುಪಿಎಸ್' ಅಂತಲೇ ಇಡು, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಯೂಸರ್ 'ಮಾನ್‌ಯೂಸರ್', ಪಾಸ್‌ವರ್ಡ್ 'ಸೀಕ್ರೆಟ್'. ನಗಬೇಡ, ನಿನ್ನ ಸಿನಾಲಜಿ ಕಂಪನಿ ನ್ಯಾಸ್ ಹುಡುಕೋದೇ ಈ ಮೂರನ್ನ, ಅದರಲ್ಲಿ ಐಪಿ ವಿಳಾಸ ಬಿಟ್ಟು ಬೇರೇನೂ ತುಂಬೋಕೆ ಜಾಗ ಇಲ್ಲ. ಈ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿರೋದ್ರಿಂದಲೇ, ಸರ್ವರ್ ಮನೆ ಒಳಗಿನ ವಿಳಾಸದಲ್ಲಿ ಮಾತ್ರ ಕೇಳಿಸ್ಕೊಳ್ಳಲಿ, 192.168.1.1, ಪೋರ್ಟ್ 3493. ಹೊರಗಿನ ಇಂಟರ್ನೆಟ್‌ಗೆ ತೆರೀಬೇಡ. ರೂಟರ್ ತಾನೇ ಆಫ್ ಆಗೋ ಹಾಗೂ ಇಡಬೇಡ. ಅದು ಮಲಗಿದ ಮೇಲೆ, ಯುಪಿಎಸ್ ಸಾಯೋಕೆ ಮುಂಚೆ ಕರೆಂಟ್ ಬಂದ್ರೆ, ರೂಟರ್ ಏಳಲ್ಲ. ಯಾರಾದ್ರೂ ಪ್ಲಗ್ ಕಿತ್ತು ಹಾಕೋವರೆಗೂ ಮನೇಲಿ ನೆಟ್ ಇರಲ್ಲ.

ಆಮೇಲೆ ಯುಪಿಎಸ್‌ಸಿ ಅನ್ನೋ ಕಮಾಂಡ್. ಐಎಎಸ್ ಪರೀಕ್ಷೆ ಅಲ್ಲ ಮಾರಾಯ್ತಿ, ಅದರ ಹೆಸರೇ ಅದು. ಓಎಲ್, ಓಬಿ, ಚಾರ್ಜ್ ಎಷ್ಟು, ಇನ್ನೆಷ್ಟು ಸೆಕೆಂಡ್ ಬರುತ್ತೆ, ಎಲ್ಲ ತೋರಿಸುತ್ತೆ. ಚಾರ್ಜ್ 100 ಅಂತ ನೋಡಿ ಖುಷಿ ಪಡಬೇಡ, ಹಳೇ ಬ್ಯಾಟರಿಯೂ 100 ಅಂತ ಹೇಳಿ ಎರಡೇ ನಿಮಿಷಕ್ಕೆ ಕೈ ಎತ್ತುತ್ತೆ. ಆರ್‌ಬಿ ಅಂತ ಬಂದ್ರೆ ಬ್ಯಾಟರಿ ಬದಲಾಯಿಸು ಅಂತ.

ನಿನ್ನದು ಹತ್ತೇ ನಿಮಿಷಕ್ಕೆ ಮುಗೀತು ಅಂದ್ಯಲ್ಲ, ಆರ್‌ಬಿ ಕಾಯೋದೇ ಬೇಡ. ಒಳಗಿರೋದು 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಲೆಕ್ಕಕ್ಕೆ 84 ವ್ಯಾಟ್ ಅವರ್, ಯುಪಿಎಸ್ ತಾನು ತಿನ್ನೋದು ಕಳೆದು ಅರ್ಧ ಸಿಕ್ಕರೂ 40 ವ್ಯಾಟ್ ಲೋಡ್‌ಗೆ ಒಂದು ತಾಸು ಬರಬೇಕು. ಅಳಿಯಂದಿರ ಕಂಪ್ಯೂಟರ್ ಆನ್ ಇದ್ದಿದ್ರೆ ಮಾತು ಬೇರೆ, ಕೇಳು ಅವರನ್ನ. ಇಲ್ಲದಿದ್ರೆ ಬ್ಯಾಟರಿ ಬದಲಾಯಿಸು, ಹಾಕಿದ ತಾರೀಕು ಅದರ ಮೇಲೆ ಮಾರ್ಕರ್‌ನಲ್ಲಿ ಬರಿ.

ಯುಪಿಎಸ್ಸನ್ನ ಮನೆ ಇನ್ವರ್ಟರ್ ಲೈನಿಗೆ ಹಾಕಿದ್ರೆ, ಬೀದಿ ಕರೆಂಟ್ ಹೋದ್ರೂ ಅದಕ್ಕೆ ಗೊತ್ತಾಗಲ್ಲ, ಇನ್ವರ್ಟರ್ ಮುಗಿಯೋವರೆಗೂ ಓಎಲ್ ಅಂತಲೇ ಹೇಳುತ್ತೆ. ಅದು ತಪ್ಪಲ್ಲ, ತಿಳ್ಕೊಂಡಿರು ಅಷ್ಟೇ.

ಡಿಸ್ಕ್ ಹಾಳಾಯ್ತಾ ಅಂದ್ಯಲ್ಲ, ನ್ಯಾಸ್ ಎದ್ದ ಮೇಲೆ ಫೈಲ್ ಸಿಸ್ಟಮ್ ತಪಾಸಣೆ ಕೇಳಿದ್ರೆ ಆಗಲಿ ಅನ್ನು, ಅದು ಮುಗಿಯೋವರೆಗೂ ಹೊಸ ಫೋಟೋ ತುಂಬಬೇಡ.

ಎಲ್ಲ ಆದ ಮೇಲೆ ಪರೀಕ್ಷೆ ಮಾಡು. ಪ್ಲಗ್ ಕೀಳಬೇಡ, ಗೋಡೆ ಸ್ವಿಚ್ ಆಫ್ ಮಾಡು, ಅರ್ಥಿಂಗ್ ಹಾಗೇ ಇರುತ್ತೆ. ಕೆಲವೇ ಸೆಕೆಂಡಲ್ಲಿ ಓಬಿ ಬರಬೇಕು, ನ್ಯಾಸ್‌ನಲ್ಲೂ ಸಂದೇಶ ಬರಬೇಕು. ಬಂದಿಲ್ಲ ಅಂದ್ರೆ ರೂಟರ್ ಪ್ಲಗ್ ಎಲ್ಲಿದೆ ಅಂತ ಮತ್ತೆ ನೋಡು. ಈ ರಾತ್ರಿ ಬೇಡ, ಬರಿದಾದ ಬ್ಯಾಟರಿ ತುಂಬೋಕೆ ಆರೆಂಟು ತಾಸು ಬೇಕು. ನಾಳೆ ತಿಂಡಿ ಆದ ಮೇಲೆ ಮಾಡು.