ಪ್ರದರ್ಶನಕ್ಕೆ ಎಂಟು ಚಿತ್ರ ಬೇಕು, ಕೆಲಸ ಬಿಡಲಾ?

ಬೂದುನೀಲಿ:
ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೀನಿ, ವಯಸ್ಸು 34. ಆರು ವರ್ಷದಿಂದ ಎಣ್ಣೆಬಣ್ಣದಲ್ಲಿ ಚಿತ್ರ ಬರೀತಿದ್ದೀನಿ. ಇದುವರೆಗೆ ಒಂಬತ್ತು ಮಾರಾಟವಾಗಿವೆ, ಅದರಲ್ಲಿ ನಾಲ್ಕನ್ನು ತಗೊಂಡವರು ಪರಿಚಯದವರೇ. ಈಗ ಮೊದಲ ಸಲ ಒಂದು ಗುಂಪು ಪ್ರದರ್ಶನಕ್ಕೆ ಕರೆ ಬಂದಿದೆ. ಹತ್ತು ತಿಂಗಳಲ್ಲಿ ಎಂಟು ಹೊಸ ಚಿತ್ರ ಕೊಡಬೇಕು. ಮುಗಿದಿರೋದು ಎರಡು.

ರಾತ್ರಿ ಒಂಬತ್ತೂವರೆಗೆ ಈಸಲ್ ಮುಂದೆ ಕೂರ್ತೀನಿ. ಟ್ಯೂಬಿನ ಮುಚ್ಚಳ ಬಿಡಿಸಿ, ಬಣ್ಣ ಕಲಸಿ, ನಿನ್ನೆಯ ಛಾಯೆಗೆ ಹೊಂದಿಸೋ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತೆ, ಕಣ್ಣು ಎಳೀತಿರುತ್ತೆ. ತಿಂಗಳ ಕೊನೆಯ ವಾರ ಲೆಕ್ಕ ಮುಗಿಸೋ ಗಡಿಬಿಡಿಯಲ್ಲಿ ಕುಂಚ ಮುಟ್ಟೋದೇ ಇಲ್ಲ. ಹೋದ ವಾರ, ಕಿಟಕಿ ಪಕ್ಕ ಕೂತ ಅಜ್ಜಿಯ ಶಾಲಿಗೆ ಮೂರು ರಾತ್ರಿ ಕೂತು ತಿಳಿಹಳದಿ ಹಾಕಿದ್ದೆ. ಭಾನುವಾರ ಬೆಳಕಲ್ಲಿ ನೋಡಿದ್ರೆ ಕಣ್ಣಿಗೆ ಹೊಡೆಯೋ ಹಳದಿ! ಮಡಿಕೆಗಳೊಳಗಿನ ಬೂದು ಎಲ್ಲ ಮುಳುಗಿಹೋಗಿತ್ತು. ಅತ್ತುಬಿಟ್ಟೆ.

ಉಳಿತಾಯ ಹನ್ನೊಂದು ತಿಂಗಳಿಗೆ ಸಾಕು. ಕೆಲಸ ಬಿಟ್ಟು ಪೂರ್ತಿ ಇದರಲ್ಲೇ ತೊಡಗಲಾ? ಎರಡನ್ನೂ ನಿಭಾಯಿಸ್ತಿರೋರು ದಯವಿಟ್ಟು ಹೇಳಿ.

ಮುಂಜಾವು:
ಮೇಡಂ, ಮೊದಲು ಆ ಹಳದಿ ವಿಷಯ. ತಪ್ಪು ನಿಮ್ಮ ಕೈದಲ್ಲ, ಬಲ್ಬಿನದು. ಹಳದಿ ಬೆಳಕಲ್ಲಿ ತಿಳಿಹಳದಿಗೂ ಬಿಳಿಗೂ ವ್ಯತ್ಯಾಸ ಸರಿಯಾಗಿ ಕಾಣಲ್ಲ. ಕಮ್ಮಿ ಆಯ್ತು ಅಂತ ನಾವು ಹಾಕ್ತಾನೇ ಹೋಗ್ತೀವಿ. 5000 ಕೆಲ್ವಿನ್ ಆಸುಪಾಸಿನ (ಅಂದ್ರೆ ಹಗಲಿನ ಥರದ ಬಿಳಿ ಬೆಳಕಿನ), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಮೇಲಿರೋ ಬಲ್ಬು ಹಾಕಿ. ಬೆಳಕು ಕ್ಯಾನ್ವಾಸಿನ ಮೇಲೂ ಪ್ಯಾಲೆಟ್ಟಿನ ಮೇಲೂ ಒಂದೇ ಥರ ಬೀಳಬೇಕು. ನಾನು ಇದನ್ನ ಕಲಿಯೋಕೆ ಎರಡು ವರ್ಷ ಹಾಳುಮಾಡಿಕೊಂಡೆ.

ಎರಡನೇದು, ಕಲಸೋ ಕೆಲಸವನ್ನ ರಾತ್ರಿಗೆ ಇಟ್ಕೋಬೇಡಿ. ಎಣ್ಣೆಬಣ್ಣ ನೀರಿನ ಬಣ್ಣದ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ತಣ್ಣಗಿಟ್ಟರೆ ಅದು ನಿಧಾನ. ಭಾನುವಾರ ವಾರಕ್ಕಾಗುವಷ್ಟು ಛಾಯೆ ಕಲಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಅದಕ್ಕೆ ಅಂತಲೇ ಬೇರೆ ಡಬ್ಬಿ ಇರಲಿ. ಅಂಬರ್ ಅನ್ನೋ ಕಂದು ಬಣ್ಣ ಮಾತ್ರ ಬೇಗ ಒಣಗುತ್ತೆ, ಅದನ್ನ ಆಗಾಗಲೇ ತೆಗೀರಿ. ನಾನು ಬೆಳಿಗ್ಗೆ ಐದೂಕಾಲಿಗೆ ಡಬ್ಬಿ ತೆರೆದು ಕೂತರೆ ಐದೂವರೆಗೆ ಕುಂಚ ಓಡ್ತಿರುತ್ತೆ. ಆರೂಮುಕ್ಕಾಲಿಗೆ ಏಳ್ತೀನಿ. ದಣಿದ ಮೇಲಿನ ಮೂರು ಗಂಟೆಗಿಂತ ದಣಿಯೋ ಮುಂಚಿನ ಒಂದೂಕಾಲು ಗಂಟೆ ದೊಡ್ಡದು.

ಇನ್ನೊಂದು ಮಾತು. ತೆಳು ಪದರವೂ ಮುಟ್ಟುವಷ್ಟು ಒಣಗೋಕೆ ದಿನಗಟ್ಟಲೆ ಬೇಕು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಜಾಸ್ತಿ ಇರಬೇಕು, ಅವಸರಪಟ್ಟರೆ ಮುಂದೆ ಬಿರುಕು ಬಿಡುತ್ತೆ. ಅಂದ್ರೆ ಇಡೀ ದಿನ ನಿಮ್ಮದೇ ಆದರೂ ಆ ಚಿತ್ರದ ಮುಂದೆ ಕಾಯಲೇಬೇಕು. ಮೂರು ಕ್ಯಾನ್ವಾಸ್ ಒಟ್ಟಿಗೆ ಶುರುಮಾಡಿ, ಒಂದು ಒಣಗ್ತಿರುವಾಗ ಇನ್ನೊಂದು. ನಿಮ್ಮ ಆಫೀಸಿನ ಹೊತ್ತು ಒಣಗೋ ಹೊತ್ತಾಗಲಿ.

ಕೆಲಸ ಬಿಡೋ ವಿಷಯ. ನಾನು 31ರಲ್ಲಿ ಬಿಟ್ಟೆ, ಹದಿನಾಲ್ಕು ತಿಂಗಳು. ಐದನೇ ತಿಂಗಳಲ್ಲಿ ದೋಣಿಯ ಚಿತ್ರವೊಂದು ಮಾರಾಟ ಆಯ್ತು. ಆಮೇಲೆ ಹನ್ನೊಂದು ದೋಣಿ ಬರೆದೆ. ಕೊನೆಕೊನೆಗೆ ನೀರು ಬರೆಯುವಾಗ ನೀರನ್ನೇ ನೋಡ್ತಿರಲಿಲ್ಲ, ತಿಂಗಳ ಬಾಡಿಗೆ ನೋಡ್ತಿದ್ದೆ. ಮತ್ತೆ ವಿಮಾ ಕಚೇರಿ ಸೇರಿದ ವರ್ಷವೇ ನನ್ನ ಒಳ್ಳೆಯ ಚಿತ್ರಗಳು ಬಂದವು.

ನಿಮ್ಮ ವೃತ್ತಿಯವರೇ ಆದ ಚಿತ್ರಕಾರ ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್. ಬರೋಡಾದಲ್ಲಿ ವರ್ಷಗಟ್ಟಲೆ ಅರೆಕಾಲಿಕ ಲೆಕ್ಕದ ಕೆಲಸ ಮಾಡ್ತಾನೇ ಚಿತ್ರ ಬರೆದರು. ಗಡಿಯಾರ ರಿಪೇರಿಯವನು, ಕ್ಷೌರಿಕ, ಇಂಥವರನ್ನೆಲ್ಲ ಕ್ಯಾನ್ವಾಸಿಗೆ ತಂದರು. ಫ್ರೆಂಚ್ ಚಿತ್ರಕಾರ ಆನ್ರಿ ರೂಸೋ ಪ್ಯಾರಿಸ್ಸಿನ ಸುಂಕದ ಕಟ್ಟೆಯ ನೌಕರ. 1886ರಿಂದಲೇ ಪ್ರದರ್ಶನದಲ್ಲಿ ಚಿತ್ರ ಇಡ್ತಿದ್ದ, ಕೆಲಸ ಬಿಟ್ಟಿದ್ದು 1893ರಲ್ಲಿ, 49ನೇ ವಯಸ್ಸಿಗೆ.

ಗೆರೆಗಾರ್ತಿ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಕೆಲಸ ಬಿಟ್ಟೆ, ಇವತ್ತಿಗೂ ಬೇಸರ ಇಲ್ಲ. ಆದರೆ ಬಿಡುವಾಗ ಪುಸ್ತಕದ ಚಿತ್ರಗಳ ಒಂದೂವರೆ ವರ್ಷದ ಕೆಲಸ ಕೈಯಲ್ಲಿತ್ತು. ನಿಮಗಿರೋದು ಒಂದು ಪ್ರದರ್ಶನ. ಚಿತ್ರ ಮಾರಾಟ ಆಗಲೇಬೇಕು ಅಂತಿಲ್ಲ, ಮಾರಾಟ ಆದರೂ ಗ್ಯಾಲರಿಯ ಪಾಲು ಎಷ್ಟೋ ಕಡೆ ಅರ್ಧದವರೆಗೂ ಇರುತ್ತೆ. ಚೌಕಟ್ಟು, ಸಾಗಣೆ, ಒಡೆದುಹೋದ್ರೆ ನಷ್ಟ, ಇವೆಲ್ಲ ಯಾರ ತಲೆಗೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ನೇಮಕಾತಿ ಪತ್ರವನ್ನೂ ತೆಗೆದು ನೋಡಿ. ಹೊರಗಿನ ಆದಾಯಕ್ಕೆ ಅನುಮತಿ ಬೇಕು ಅನ್ನೋ ಷರತ್ತು ಇರಬಹುದು, ಬಹಳ ಜನ ಓದಿರಲ್ಲ.

ಬಿಡೋಕೆ ಮುಂಚೆ ವಾರಕ್ಕೆ ನಾಲ್ಕು ದಿನದ ಕೆಲಸ ಕೇಳಿ ನೋಡಿ. ಹೆಚ್ಚೆಂದರೆ ಆಗಲ್ಲ ಅಂತಾರೆ.

ಬೂದುನೀಲಿ:
ಮೂರು ವಾರ ಆಯ್ತು, ಬರೆಯೋಣ ಅನ್ನಿಸ್ತು. ಬಲ್ಬು ಬದಲಾಯಿಸಿದೆ. ಶಾಲಿನ ಹಳದಿ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಪ್ಯಾಲೆಟ್ ನೈಫಿನಲ್ಲಿ ಮೆಲ್ಲಗೆ ಕೆರೆದರೆ ಕೆಳಗೆ ನನ್ನ ಹಳೆಯ ಬೂದು ಹಾಗೇ ಇತ್ತು! ಒಂದು ಮಡಿಕೆಯನ್ನ ಹಾಗೇ ಬಿಟ್ಟಿದ್ದೀನಿ, ಅದೇ ಚೆನ್ನಾಗಿ ಕಾಣ್ತಿದೆ.

ನಾಲ್ಕು ದಿನ ಕೇಳಿದೆ, ಕೊಡಲಿಲ್ಲ. ತಿಂಗಳ ಮೊದಲ ವಾರ ಎರಡು ದಿನ ತಡವಾಗಿ ಬರೋಕೆ ಒಪ್ಪಿದ್ದಾರೆ. ಪ್ರದರ್ಶನದವರಿಗೂ ಫೋನ್ ಮಾಡಿ, ಎಂಟರ ಬದಲು ಆರು ಸಾಕಾ ಅಂತ ಕೇಳಿದೆ. ಹಿಂದಿನ ಎರಡು ದೊಡ್ಡವಾದ್ದರಿಂದ ಆಗಬಹುದು ಅಂದರು. ಅಂದ್ರೆ ಇನ್ನು ನಾಲ್ಕು. ಈಸಲ್ ಮೇಲೆ ಒಂದು, ಗೋಡೆಗೆ ಒರಗಿಸಿ ಎರಡು ಇವೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ, ಸದ್ಯಕ್ಕೆ ಕೊಡ್ತಿಲ್ಲ. ಮುಂಜಾವು ಸರ್, ಫ್ರೀಜರ್‌ನಲ್ಲಿಟ್ಟ ತಿಳಿಬೂದು ಐದನೇ ದಿನಕ್ಕೂ ಬೆಣ್ಣೆ ಹಾಗಿದೆ.