ಮನೆತನದಲ್ಲಿ ಯಾರಿಗೂ ಇಲ್ಲದ ಕಿವುಡು ಮಗಳಿಗೆ ಹೇಗೆ ಬಂತು? ಜೀನ್ ವರದಿಯ ಬಗ್ಗೆ ತಿಳಿದವರು ಹೇಳಬೇಕು

ಕುಷ್ಟಗಿ ತಾಲೂಕಿನ ತಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಒಂದು ವರ್ಷ ನಾಲ್ಕು ತಿಂಗಳು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದಾಗ, ತೇರು ಎಳೆಯುವ ಹೊತ್ತಿನ ಆ ಗದ್ದಲದಲ್ಲಿ, ಡೊಳ್ಳಿನವರು ನಮ್ಮ ಪಕ್ಕದಲ್ಲೇ ಬಾರಿಸುತ್ತ ಹಾದುಹೋದರೂ ಕೂಸು ನನ್ನ ಹೆಗಲ ಮೇಲೆ ನಿದ್ದೆಯಿಂದ ಮಿಸುಕಲಿಲ್ಲ. ನನಗೆ ಅನುಮಾನ ಹುಟ್ಟಿದ್ದು ಅಂದು. ಆಮೇಲೆ ಮಾಡಿಸಿದ ಬೆರಾ ಪರೀಕ್ಷೆಯಲ್ಲಿ (ಶಬ್ದಕ್ಕೆ ಶ್ರವಣನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವುದು) ಎರಡೂ ಕಿವಿಗಳಲ್ಲಿ ಅತಿ ತೀವ್ರ ಶ್ರವಣದೋಷವಿದೆ ಎಂದು ಬಂದಿತು. ವೈದ್ಯರ ಸಲಹೆಯಂತೆ ರಕ್ತವನ್ನು ಜೀನ್ ಪರೀಕ್ಷೆಗೂ ಕಳುಹಿಸಿದೆವು. ವರದಿ ವಾಟ್ಸಾಪಿಗೆ ಬಂದಿದೆ, ವಿವರಿಸುವವರು ಮಾತ್ರ ಯಾರೂ ಸಿಕ್ಕಿಲ್ಲ. ಅದರಲ್ಲಿ ‘ಜಿಜೆಬಿ2, ಡಬ್ಲ್ಯೂ24ಎಕ್ಸ್, ಹೋಮೋಜೈಗಸ್’ ಎಂದು ಬರೆದಿದೆ.

ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮಗೆ ತಿಳಿದಂತೆ ಮೂರು ತಲೆಮಾರಿನಲ್ಲಿ ಯಾರಿಗೂ ಕಿವುಡಿಲ್ಲ. ಹಾಗಿದ್ದರೆ ಇದು ವಂಶದಿಂದ ಬಂದದ್ದು ಹೇಗೆ? ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಓಡಾಡಿದ್ದರಿಂದಲೇ ಹೀಗಾಯಿತು ಎಂದು ನಮ್ಮವ್ವ ದಿನಕ್ಕೊಮ್ಮೆ ಅನ್ನುತ್ತಾಳೆ, ಹೆಂಡತಿ ಒಳಗೆ ಹೋಗಿ ಅಳುತ್ತಾಳೆ. ಅವಳಿಗೆ ಈಗ ಮತ್ತೆ ಎರಡು ತಿಂಗಳು. ಇನ್ನೊಂದು ವಿಷಯವೂ ಇದೆ: ನನ್ನ ತಮ್ಮನಿಗೂ ನನ್ನ ಹೆಂಡತಿಯ ತಂಗಿಗೂ ಮದುವೆ ಮಾಡುವ ಮಾತು ಮನೆಯಲ್ಲಿ ನಡೆದಿದೆ. ಅದನ್ನು ಮುಂದುವರಿಸಬಹುದೇ? ಚೀನಾದಲ್ಲಿ ಕಿವಿಗೆ ಒಂದು ಇಂಜೆಕ್ಷನ್ ಕೊಟ್ಟು ಕಿವುಡು ಮಕ್ಕಳಿಗೆ ಕೇಳಿಸುವಂತೆ ಮಾಡಿದ್ದಾರೆ ಎಂದು ಓದಿದೆ. ಅದು ನಮ್ಮಲ್ಲಿಗೆ ಬರುವವರೆಗೆ ಕಾಯುವುದು ಒಳ್ಳೆಯದೇ?

ರಾಯಚೂರಿನ ಆಡಿಯಾಲಜಿಸ್ಟ್

ಸರ್, ಮೊದಲು ನಿಮ್ಮ ತಾಯಿಯವರ ಮಾತಿನ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಈ ವರದಿಯಿಂದ ತಕ್ಷಣ ಸಿಗುವ ಉಪಕಾರ ಅದೇ. ನಿಮ್ಮ ಮಗಳಲ್ಲಿರುವ ಬದಲಾವಣೆ ಗರ್ಭ ಕಟ್ಟಿದ ಕ್ಷಣದಲ್ಲೇ ಇತ್ತು. ಒಳಕಿವಿ ರೂಪುಗೊಳ್ಳಲು ತೊಡಗುವುದು ನಾಲ್ಕನೆಯ ವಾರದ ಹೊತ್ತಿಗೆ, ಎಂದರೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಖಚಿತವಾಗಿರದ ಸಮಯಕ್ಕೆ. ಅದಕ್ಕೂ ಮೊದಲೇ ಬರೆದಾಗಿದ್ದ ಅಕ್ಷರವನ್ನು ಗ್ರಹಣವಾಗಲಿ, ತಿಂದ ಊಟವಾಗಲಿ, ಹೊತ್ತ ಕೊಡವಾಗಲಿ ತಿದ್ದಲಾರದು. ಇದನ್ನು ನಿಮ್ಮ ಹೆಂಡತಿಯ ಎದುರಿನಲ್ಲೇ ನಿಮ್ಮ ತಾಯಿಯವರಿಗೆ ಓದಿ ಹೇಳಿ.

ಜಿಜೆಬಿ2 ಎಂಬುದು 13ನೆಯ ವರ್ಣತಂತುವಿನಲ್ಲಿರುವ ಒಂದು ಪುಟ್ಟ ಜೀನ್. ಕಿವುಡಿಗೂ ಅದಕ್ಕೂ ಇರುವ ನಂಟು ಬೆಳಕಿಗೆ ಬಂದದ್ದು 1997ರಲ್ಲಿ. ಅದು ಕನೆಕ್ಸಿನ್ 26 ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ, ಒಳಕಿವಿಯ ಕಾಕ್ಲಿಯ ಎಂಬ ಭಾಗದಲ್ಲಿ ಆರಾರು ಕನೆಕ್ಸಿನ್‌ಗಳು ಕೂಡಿ ಒಂದೊಂದು ಅರ್ಧಕೊಳವೆಯಾಗುತ್ತವೆ, ಪಕ್ಕದ ಕೋಶದ ಅರ್ಧಕೊಳವೆ ಅದಕ್ಕೆ ಬಂದು ಜೋಡಿಸಿಕೊಂಡಾಗ ಎರಡು ಕೋಶಗಳ ನಡುವೆ ನೇರ ದಾರಿ ತೆರೆಯುತ್ತದೆ. ಕಾಲುವೆಯ ತೂಬಿನಂತಿರುವ ಈ ದಾರಿಗಳಲ್ಲಿ ಪೊಟ್ಯಾಸಿಯಂ ಮತ್ತು ಇತರ ಸಣ್ಣ ಅಣುಗಳು ಹರಿದರೆ ಮಾತ್ರ ಒಳಕಿವಿ ಸರಿಯಾಗಿ ಬೆಳೆಯುತ್ತದೆ, ಶಬ್ದವನ್ನು ಹಿಡಿಯುವ ರೋಮಕೋಶಗಳಿಗೆ ಬೇಕಾದ ವಿದ್ಯುತ್ ಒತ್ತಡ ಉಳಿಯುತ್ತದೆ. ಕನೆಕ್ಸಿನ್ 26ರ ಸರಪಳಿಯಲ್ಲಿ 226 ಅಮೈನೋ ಆಮ್ಲಗಳಿರಬೇಕು. ಡಬ್ಲ್ಯೂ24ಎಕ್ಸ್ ಎಂದರೆ ಆ ಸರಪಳಿ 24ನೆಯ ಸ್ಥಾನದಲ್ಲೇ ಕಡಿದುಹೋಗಿದೆ ಎಂದರ್ಥ. ಭಾರತದಲ್ಲಿ ಈ ಜೀನಿನಲ್ಲಿ ಕಾಣುವ ದೋಷಗಳ ಪೈಕಿ ಹೆಚ್ಚು ಸಾಮಾನ್ಯವಾದದ್ದು ಇದೇ.

ಒಳ್ಳೆಯ ಸುದ್ದಿಯೂ ಇದೆ. ಈ ದೋಷದಿಂದ ಕಣ್ಣಿಗಾಗಲಿ, ಹೃದಯಕ್ಕಾಗಲಿ, ಬುದ್ಧಿಗಾಗಲಿ ತೊಂದರೆಯಿಲ್ಲ. ಶ್ರವಣನರವೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುವುದರಿಂದ ಜಿಜೆಬಿ2 ದೋಷದ ಮಕ್ಕಳು ಕಾಕ್ಲಿಯರ್ ಇಂಪ್ಲಾಂಟಿಗೆ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಕೂಡಿಸಿ, ಶ್ರವಣನರಕ್ಕೆ ನೇರವಾಗಿ ಸಂಕೇತ ಕೊಡುವ ಸಾಧನ) ಉತ್ತಮವಾಗಿ ಹೊಂದಿಕೊಳ್ಳುತ್ತಾರೆ.

ಬಳ್ಳಾರಿಯ ಜೀವಶಾಸ್ತ್ರ ಉಪನ್ಯಾಸಕ

ಮೂರು ತಲೆಮಾರಿನಲ್ಲಿ ಯಾರಿಗೂ ಇಲ್ಲದಿರುವುದೇ ಇಂತಹ ಆನುವಂಶಿಕತೆಯ ಸಹಜ ಲಕ್ಷಣ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಅಂಥವರು ವಾಹಕರು. ಅವರಿಗೆ ಚೆನ್ನಾಗಿ ಕೇಳಿಸುತ್ತದೆ, ಗೊತ್ತೇ ಆಗದೆ ಮುಂದಿನವರಿಗೆ ದಾಟಿಸುತ್ತಾರೆ. ನಿಮ್ಮ ವರದಿಯಲ್ಲಿ ‘ಹೋಮೋಜೈಗಸ್’ ಎಂದಿರುವುದರ ಅರ್ಥ ಮಗುವಿನ ಎರಡೂ ಪ್ರತಿಗಳಲ್ಲಿ ಅದೇ ದೋಷವಿದೆ ಎಂದು. ನಿಮ್ಮ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ವಾಹಕರಾಗಿದ್ದು, ಅದು ನಿಮಗೂ ನಿಮ್ಮ ಅಕ್ಕನಿಗೂ ಬಂದು, ಅಕ್ಕನಿಂದ ನಿಮ್ಮ ಹೆಂಡತಿಗೆ ಇಳಿದಿರಬೇಕು. ಹಾಗೆಂದರೆ ಹುಡುಗಿಯ ಕಡೆಯಿಂದ ಬಂತು, ಹುಡುಗನ ಕಡೆಯಿಂದ ಬಂತು ಎಂಬ ವಾದಕ್ಕೆ ನಿಮ್ಮ ಮನೆಯಲ್ಲಿ ಜಾಗವೇ ಇಲ್ಲ, ಎರಡೂ ಒಂದೇ ಅಂಗಳದಿಂದ ಹೊರಟ ದಾರಿಗಳು.

ನಿಮ್ಮಿಬ್ಬರಿಗೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಿವುಡು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕಬೇಡಿ. ನಾಣ್ಯಕ್ಕೆ ಹಿಂದಿನ ಬಾರಿ ಬಿದ್ದ ಮುಖದ ನೆನಪಿರುವುದಿಲ್ಲ.

ತಮ್ಮನ ವಿಷಯಕ್ಕೆ ಬರೋಣ. ಅವನು ವಾಹಕನಾಗಿರುವ ಸಾಧ್ಯತೆ ಅರ್ಧ, ನಿಮ್ಮ ಹೆಂಡತಿಯ ತಂಗಿಯದ್ದೂ ಅರ್ಧ. ಇಬ್ಬರೂ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆಗ ಅವರ ಮಗುವಿಗೆ ಬರುವುದು ಅದರ ನಾಲ್ಕರಲ್ಲಿ ಒಂದು ಪಾಲು. ಒಟ್ಟಾರೆ 16ರಲ್ಲಿ ಒಂದು. ಆದರೆ ಈ ಲೆಕ್ಕವನ್ನು ನಂಬಿ ಕೂರುವ ಅಗತ್ಯವೇ ಇಲ್ಲ. ಯಾವ ಅಕ್ಷರ ತಪ್ಪಿದೆ ಎಂಬುದು ಗೊತ್ತಿರುವುದರಿಂದ ಆ ಒಂದೇ ಜಾಗವನ್ನು ನೋಡುವ ಪರೀಕ್ಷೆ ಸಾಕು, ಅದು ಇಡೀ ಜೀನ್ ಸಮೂಹವನ್ನು ಓದಿಸುವುದಕ್ಕಿಂತ ಬಹಳ ಅಗ್ಗ. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದು ಬಂದರೂ ಡಬ್ಲ್ಯೂ24ಎಕ್ಸ್ ಮಟ್ಟಿಗೆ ಚಿಂತೆ ಮುಗಿಯಿತು.

ಗಂಗಾವತಿಯ ಓದುಗ

ಇಷ್ಟೆಲ್ಲ ವಿವರಣೆ ಏಕೆ? ಸೋದರಮಾವನಿಗೆ ಕೊಡುವ ಪದ್ಧತಿಯನ್ನು ನಿಲ್ಲಿಸಿದರೆ ಕಿವುಡೇ ಇರುವುದಿಲ್ಲ. ನಮ್ಮ ಜನಕ್ಕೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ.

ಬಳ್ಳಾರಿಯ ಜೀವಶಾಸ್ತ್ರ ಉಪನ್ಯಾಸಕ

ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಸೋದರಮಾವ ಮತ್ತು ಸೊಸೆಯ ಮಗುವಿನ ಜೀನ್‌ಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಭಾಗದ ಎರಡೂ ಪ್ರತಿಗಳು ಒಂದೇ ಪೂರ್ವಿಕರಿಂದ ಬಂದಿರುತ್ತವೆ, ಅತ್ತೆ–ಮಾವನ ಮಕ್ಕಳ ನಡುವಿನ ಮದುವೆಯಾದರೆ 16ರಲ್ಲಿ ಒಂದು. ಅಡಗಿದ್ದ ದೋಷಗಳು ಹೊರಬೀಳುವ ಅವಕಾಶ ಇದರಿಂದ ಖಂಡಿತ ಹೆಚ್ಚುತ್ತದೆ, ಇಂತಹ ಮದುವೆಯನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ‘ಕಿವುಡೇ ಇರುವುದಿಲ್ಲ’ ಎಂಬುದು ತಪ್ಪು. ಸಂಬಂಧವೇ ಇಲ್ಲದ ಇಬ್ಬರು ವಾಹಕರೂ ಮದುವೆಯಾಗುತ್ತಾರೆ. ಗರ್ಭದಲ್ಲಿ ತಗಲುವ ರುಬೆಲ್ಲಾ ಮತ್ತು ಸೈಟೊಮೆಗಲೊ ವೈರಸ್, ಹುಟ್ಟಿದ ಮೇಲಿನ ತೀವ್ರ ಕಾಮಾಲೆ, ಮಿದುಳುಪೊರೆಯ ಜ್ವರ ಇವುಗಳಿಂದಲೂ ಕಿವುಡು ಬರುತ್ತದೆ. ಪ್ರಶ್ನೆ ಕೇಳಿದವರ ಮದುವೆ ಆಗಿಹೋಗಿದೆ, ಮಗು ಕಣ್ಣೆದುರಿಗಿದೆ. ಅವರಿಗೆ ಈಗ ಬೇಕಾದದ್ದು ಬೈಗುಳವಲ್ಲ.

ಸಿಂಧನೂರಿನ ತಾಯಿ

ತಮ್ಮಾ, ನನ್ನ ಮಗನಿಗೂ ಹುಟ್ಟಿನಿಂದ ಕೇಳಿಸುತ್ತಿರಲಿಲ್ಲ. ಕಾರಣ ಹುಡುಕುವುದರಲ್ಲಿ ನಾವು ಒಂದು ವರ್ಷ ಕಳೆದೆವು. ಒಂದು ಆಸ್ಪತ್ರೆಯಲ್ಲಿ ‘ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ, ಕಾಯಿರಿ’ ಎಂದಿದ್ದನ್ನು ನಂಬಿ ಆರು ತಿಂಗಳು ಕಾದದ್ದೂ ಅದರಲ್ಲಿ ಸೇರಿದೆ. ಆ ದಿನಗಳು ಮರಳಿ ಬರಲಿಲ್ಲ. ಆದ್ದರಿಂದ ಹೇಳುತ್ತಿದ್ದೇನೆ, ಚೀನಾದ ಇಂಜೆಕ್ಷನ್ನಿಗೆ ಒಂದು ದಿನವೂ ಕಾಯಬೇಡಿ. ಶ್ರವಣ ಸಾಧನ ಇಂದೇ ಹಾಕಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಿಭಾಗದಲ್ಲಿ ಹೆಸರು ಬರೆಸಿದರೆ ಮುಂದಿನ ದಾರಿ ಅವರೇ ತೋರಿಸುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ನೆರವಿನಲ್ಲಿ ಇಂಪ್ಲಾಂಟ್ ಮಾಡುವ ಯೋಜನೆಯಿದೆ, ಆದರೆ ಕಾಗದಪತ್ರಕ್ಕೂ ಸರದಿಗೂ ತಿಂಗಳುಗಳೇ ಹಿಡಿಯುತ್ತವೆ ಎಂಬುದನ್ನು ಮರೆಯಬೇಡಿ. ನಾವು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿದ್ದೆವು; ಆ ರೈಲು ನಿಮ್ಮ ಕೊಪ್ಪಳದಲ್ಲೂ ನಿಲ್ಲುತ್ತದೆ. ಅಲ್ಲಿ ತಾಯಂದಿರಿಗೇ ಪಾಠ ಹೇಳಿಕೊಡುತ್ತಾರೆ. ಇಂಪ್ಲಾಂಟ್ ಹಾಕಿದ ಮರುದಿನ ಮಗು ಮಾತಾಡುವುದಿಲ್ಲ, ಎರಡು ಮೂರು ವರ್ಷ ಮನೆಯಲ್ಲಿ ನಾವೇ ಮಾತಾಡಿಸಬೇಕು. ಅಲ್ಲಿಯವರೆಗೆ ಕೈಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮ ಹುಡುಗ ಹಾಲು, ನೀರು, ಅವ್ವ ಎಂಬುದನ್ನು ಮೊದಲು ಕೈಯಲ್ಲೇ ಹೇಳಿದ್ದು.

ರಾಯಚೂರಿನ ಆಡಿಯಾಲಜಿಸ್ಟ್

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಗರ್ಭದಲ್ಲಿ 20ನೆಯ ವಾರದ ಸುಮಾರಿಗೆ ಕಾಕ್ಲಿಯ ದೊಡ್ಡವರಲ್ಲಿರುವಷ್ಟೇ ಗಾತ್ರಕ್ಕೆ ಬಂದಿರುತ್ತದೆ, ಆರೇಳು ತಿಂಗಳಿಗೆ ಮಗು ಹೊರಗಿನ ಶಬ್ದಕ್ಕೆ ಸ್ಪಂದಿಸುತ್ತದೆ. ನವಜಾತ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಕೇಳುವ ಮಗು ಹುಟ್ಟುವ ಹೊತ್ತಿಗೇ ಭಾಷೆಯ ಪಾಠ ಶುರು ಮಾಡಿರುತ್ತದೆ ಎಂದಾಯಿತು, ನಿಮ್ಮ ಮಗಳು ಅಷ್ಟನ್ನೂ ಕಳೆದುಕೊಂಡಿದ್ದಾಳೆ. ಮಿದುಳಿನ ಶ್ರವಣಭಾಗ ಶಬ್ದಕ್ಕೆ ಚೆನ್ನಾಗಿ ಒಗ್ಗುವುದು ಮೂರೂವರೆ ವರ್ಷದೊಳಗೆ. ಅವಳ ಕೈಯಲ್ಲಿ ಇನ್ನೂ ಸಮಯವಿದೆ, ಧಾರಾಳವಾಗಿ ಇಲ್ಲ.

ನೀವು ಓದಿದ ಚೀನಾದ ಚಿಕಿತ್ಸೆ ನಿಜವಾದದ್ದೇ. ಶಾಂಘೈನ ತಂಡದ ವರದಿ 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಆರು ಮಕ್ಕಳಲ್ಲಿ ಐವರಿಗೆ ಶ್ರವಣ ಮರಳಿತು. ಆದರೆ ಅದು ಒಟಿಒಎಫ್ ಎಂಬ ಬೇರೆ ಜೀನಿನ ದೋಷಕ್ಕೆ. ಅಲ್ಲಿ ರೋಮಕೋಶಗಳು ಹಾಗೆಯೇ ಉಳಿದಿರುತ್ತವೆ, ನರಕ್ಕೆ ಸಂದೇಶ ದಾಟಿಸುವ ಒಟೊಫರ್ಲಿನ್ ಎಂಬ ಪ್ರೋಟೀನ್ ಮಾತ್ರ ಇರುವುದಿಲ್ಲ. ಜಿಜೆಬಿ2 ದೋಷದಲ್ಲಿ ಒಳಕಿವಿಯ ಬೆಳವಣಿಗೆಯೇ ಹದಗೆಟ್ಟಿರುವುದರಿಂದ ಆ ಇಂಜೆಕ್ಷನ್ ನಿಮ್ಮ ಮಗಳಿಗೆ ಹೊಂದುವುದಿಲ್ಲ.

ಈಗಿನ ಬಸಿರಿನ ಬಗ್ಗೆ: 11ರಿಂದ 13ನೆಯ ವಾರದೊಳಗೆ ಮಾಸಿನ ಸಣ್ಣ ತುಣುಕಿನಿಂದ, ಅಥವಾ 16 ವಾರವಾದ ಮೇಲೆ ಗರ್ಭಜಲದಿಂದ ಪರೀಕ್ಷಿಸಬಹುದು. ಗರ್ಭದಲ್ಲಿನ ಮಗುವಿನ ಪರೀಕ್ಷೆಗಳನ್ನು ನಿಯಂತ್ರಿಸುವ 1994ರ ಕಾಯಿದೆಯಂತೆ ನೋಂದಾಯಿತ ಕೇಂದ್ರದಲ್ಲಿ, ಸಮಾಲೋಚನೆಯ ಬಳಿಕ, ನಿಮ್ಮ ಹೆಂಡತಿಯ ಲಿಖಿತ ಒಪ್ಪಿಗೆಯಿದ್ದರೆ ಮಾತ್ರ. ಅದಕ್ಕೂ ಮೊದಲು ನಿಮ್ಮಿಬ್ಬರ ರಕ್ತದಲ್ಲಿ ದೋಷವನ್ನು ಖಚಿತಪಡಿಸಿಕೊಳ್ಳಬೇಕಾದ್ದರಿಂದ ಈ ವಾರವೇ ಹೊರಡಿ. ಪರೀಕ್ಷೆಯೇ ಬೇಡ ಎಂದರೂ ಅದು ನಿಮ್ಮ ಹಕ್ಕು. ಆಗ ಹುಟ್ಟಿದ ಮಗುವಿಗೆ ಒಂದು ತಿಂಗಳೊಳಗೆ ಓಎಇ (ಶಬ್ದಕ್ಕೆ ಒಳಕಿವಿ ಮರುದನಿ ಕೊಡುತ್ತದೆಯೇ ಎಂದು ನೋಡುವ ಪರೀಕ್ಷೆ) ಮತ್ತು ಬೆರಾ ಎರಡನ್ನೂ ಮಾಡಿಸಿ. ಜಿಜೆಬಿ2 ದೋಷವಿರುವ ಕೆಲವು ಶಿಶುಗಳು ಮೊದಲ ತಪಾಸಣೆಯಲ್ಲಿ ಪಾಸಾಗಿ ಆಮೇಲೆ ಶ್ರವಣ ಕಳೆದುಕೊಂಡದ್ದುಂಟು, ಹಾಗಾಗಿ ಒಮ್ಮೆ ಪಾಸಾಯಿತೆಂದು ಬಿಡಬಾರದು.

ಕುಷ್ಟಗಿ ತಾಲೂಕಿನ ತಂದೆ

ಎಲ್ಲರಿಗೂ ಋಣಿ. ಗ್ರಹಣದ ಉತ್ತರವನ್ನು ನಿನ್ನೆ ರಾತ್ರಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಅವ್ವ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ಹಂಗಾದರ ಅದು ನನ್ನಿಂದ ಬಂದೈತೋ, ನಿಮ್ಮಪ್ಪನಿಂದ ಬಂದೈತೋ?’ ಎಂದು ಕೇಳಿದಳು. ಇದಕ್ಕೆ ಏನು ಹೇಳಲಿ? ಅವಳಿಗೂ ಪರೀಕ್ಷೆ ಬೇಕೇ?

ಬಳ್ಳಾರಿಯ ಜೀವಶಾಸ್ತ್ರ ಉಪನ್ಯಾಸಕ

ಬೇಡ. ಅದು ಗೊತ್ತಾಗುವುದರಿಂದ ನಿಮ್ಮ ಮಗಳಿಗಾಗಲಿ, ಹುಟ್ಟಲಿರುವ ಮಗುವಿಗಾಗಲಿ ಏನೂ ಬದಲಾಗುವುದಿಲ್ಲ. ಆ ಹಣವನ್ನು ತಮ್ಮನ ಮತ್ತು ನಾದಿನಿಯ ಪರೀಕ್ಷೆಗೆ ಇಟ್ಟುಕೊಳ್ಳಿ. ತಾಯಿಯವರಿಗೆ ‘ಇಬ್ಬರಲ್ಲಿ ಯಾರಿಂದಲಾದರೂ ಇರಬಹುದು, ನಿಮಗೂ ಅದು ನಿಮ್ಮ ಹಿರಿಯರಿಂದ ಬಂದದ್ದೇ’ ಎಂದಷ್ಟೇ ಹೇಳಿ.