ಪದಚರ್ಚೆ: ಟ್ಯಾರೋ ಎಲೆಗಳ ‘ಮೇಜರ್ ಆರ್ಕಾನ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಭವಿಷ್ಯ ನೋಡಲು ಬಳಸುವ, ಇಸ್ಪೀಟಿನಂಥ ಟ್ಯಾರೋ ಎಲೆಗಳನ್ನೂ ಅವುಗಳ ಅರ್ಥವನ್ನೂ ಪರಿಚಯಿಸುವ ಕಿರುಹೊತ್ತಗೆಯೊಂದನ್ನು ಅನುವಾದಿಸುತ್ತಿದ್ದೇನೆ. ಈ ವಾರವೇ ಅದು ಅಚ್ಚಿಗೆ ಹೋಗಬೇಕು. ಕಟ್ಟಿನ 78 ಎಲೆಗಳಲ್ಲಿ 22 ಎಲೆಗಳನ್ನು ಮೇಜರ್ ಆರ್ಕಾನ ಎಂದೂ ಉಳಿದ 56ನ್ನು ಮೈನರ್ ಆರ್ಕಾನ ಎಂದೂ ಮೂಲದಲ್ಲಿ ಕರೆದಿದೆ. ಆರ್ಕಾನ ಎಂದರೆ ರಹಸ್ಯಗಳು. ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ಪಂಗಡಗಳ ಹೆಸರಿನಲ್ಲಿ ತೊಡಕಿಲ್ಲ. ‘ಮಹಾರಹಸ್ಯ’, ‘ಲಘುರಹಸ್ಯ’ ಎಂದು ಬರೆದುಕೊಂಡಿದ್ದೇನಾದರೂ ಮನಸ್ಸು ಒಪ್ಪುತ್ತಿಲ್ಲ. 12ನೆಯ ಎಲೆಯಾದ ಹ್ಯಾಂಗ್ಡ್ ಮ್ಯಾನ್, 14ನೆಯದಾದ ಟೆಂಪರೆನ್ಸ್ ಇವಕ್ಕೂ ಪದ ಬೇಕಾಗಿದೆ.

ಉತ್ತರ 1

‘ಗುಟ್ಟು’ ಎಂಬ ಅಚ್ಚಗನ್ನಡದ ಪದವಿರುವಾಗ ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವಿಲ್ಲ. ಹಿರಿಗುಟ್ಟು, ಕಿರಿಗುಟ್ಟು ಎಂದು ಬರೆಯಿರಿ. ಟೆಂಪರೆನ್ಸ್‌ಗೆ ‘ಹಿಡಿತ’ ಸಾಕು. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ 2

ಚರ್ಚಿಸುವಂಥದ್ದು ಬಹಳವಿದೆ. ಮೇಲಿನ ಎರಡೂ ಜೋಡಿಗಳು ‘ಆರ್ಕಾನ’ದ ನಿಘಂಟಿನ ಅರ್ಥವನ್ನು ಹಿಡಿದುಕೊಂಡಿವೆಯೇ ಹೊರತು ಎಲೆಗಳ ಚರಿತ್ರೆಯನ್ನು ಗಮನಿಸಿಲ್ಲ. 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇವು ಹುಟ್ಟಿದ್ದು ಆಟಕ್ಕಾಗಿ, ಮತ್ತು ಉಳಿದ ಪಂಗಡಗಳ ಎಲೆಗಳನ್ನು ಹೊಡೆಯುವ ಶಕ್ತಿ ಮೇಜರ್ ಎನಿಸಿದ ಈ ಚಿತ್ರದ ಎಲೆಗಳಿಗೆ ಇದ್ದುದರಿಂದ ಅವುಗಳನ್ನು ‘ತ್ರಿಯೋನ್ಫಿ’, ಎಂದರೆ ವಿಜಯಗಳು, ಎಂದು ಕರೆಯುತ್ತಿದ್ದರು. ಇಂಗ್ಲಿಷಿನ ಟ್ರಂಪ್, ಡಚ್ಚರ ತ್ರೂಫ್, ಪೋರ್ಚುಗೀಸರ ತ್ರುಂಫು ಎಲ್ಲವೂ ಆ ಬೇರಿನವೇ. ನಮ್ಮ ‘ತುರುಪು’ ಇವುಗಳಲ್ಲಿ ಯಾವ ದಾರಿಯಿಂದ ಬಂದಿದ್ದರೂ ಅದರ ಮೂಲ ಅದೇ. ಇಸ್ಪೀಟಿನ ಎಲೆ ಮುಟ್ಟದವರೂ ‘ತುರುಪಿನ ಎಲೆ’ ಎಂಬ ಮಾತನ್ನು ಬಲ್ಲರು. ಹೀಗಿರುವಾಗ ‘ತುರುಪಿನ ಎಲೆಗಳು’, ‘ಪಂಗಡದ ಎಲೆಗಳು’ ಎನ್ನುವುದನ್ನು ಬಿಟ್ಟು ಹಿರಿಗುಟ್ಟನ್ನು ಹೊಸೆಯುವುದೇಕೆ?

ಹ್ಯಾಂಗ್ಡ್ ಮ್ಯಾನ್‌ಗೆ ‘ನೇಣಿಗೇರಿದವನು’ ಎಂದು ದಯವಿಟ್ಟು ಬರೆಯಬೇಡಿ. 1909ರಲ್ಲಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಟ್ಯಾರೋ ಕಟ್ಟೊಂದಕ್ಕೆ ಬರೆದ ಚಿತ್ರದಲ್ಲಿ ಅವನ ಒಂದು ಪಾದವನ್ನು ಮೇಲಕ್ಕೆ ಕಟ್ಟಿದೆ, ಇನ್ನೊಂದು ಕಾಲು ಅದರ ಹಿಂದೆ ಮಡಿಚಿಕೊಂಡಿದೆ, ತಲೆಯ ಸುತ್ತ ಪ್ರಭೆಯಿದೆ, ಮುಖದಲ್ಲಿ ನೋವಿನ ಸುಳಿವಿಲ್ಲ. ಆ ಎಲೆ ಸೂಚಿಸುವುದು ಕಾಯುವಿಕೆಯನ್ನು, ಲೋಕವನ್ನು ಬೇರೊಂದು ಕಡೆಯಿಂದ ನೋಡುವುದನ್ನು. ‘ತಲೆಕೆಳಗಾದವನು’ ಎಂದರೂ ತೊಡಕೇ, ಏಕೆಂದರೆ ಭವಿಷ್ಯ ಓದುವಾಗ ಬುಡಮೇಲಾಗಿ ಬೀಳುವ ಎಲೆಗಳಿಗೆ ‘ತಲೆಕೆಳಗು’ ಎಂಬ ಪದವನ್ನು ನೀವು ಮೀಸಲಿಡಬೇಕಾಗುತ್ತದೆ. ‘ತೂಗುವವನು’ ಎಂದರೆ ತಕ್ಕಡಿ ಹಿಡಿದಿರುವ 11ನೆಯ ಎಲೆಯ ನ್ಯಾಯದೇವತೆ ನೆನಪಾಗುತ್ತಾಳೆ. ‘ನೇತಾಡುವವನು’ ಸರಿಹೊಂದುತ್ತದೆ. ಟೆಂಪರೆನ್ಸ್‌ನಲ್ಲಿ ದೇವದೂತರೊಬ್ಬರು ಒಂದು ಕಾಲನ್ನು ನೀರಿನಲ್ಲೂ ಇನ್ನೊಂದನ್ನು ನೆಲದ ಮೇಲೂ ಇಟ್ಟು ಬಟ್ಟಲಿನಿಂದ ಬಟ್ಟಲಿಗೆ ನೀರನ್ನು ಸುರಿಯುತ್ತಿದ್ದಾರೆ. ಅಲ್ಲಿ ಯಾರೂ ಏನನ್ನೂ ಹಿಡಿದು ನಿಲ್ಲಿಸುತ್ತಿಲ್ಲ. ತಕ್ಕ ಪ್ರಮಾಣದಲ್ಲಿ ಬೆರೆಸುವುದು ಎಂಬುದೇ ಆ ಲ್ಯಾಟಿನ್ ಧಾತುವಿನ ಅರ್ಥವಾದ್ದರಿಂದ ‘ಹದ’ ಎಂಬುದಕ್ಕಿಂತ ಒಳ್ಳೆಯ ಪದ ಸಿಗಲಾರದು.

ಉತ್ತರ 3

ತುರುಪಿನ ವಾದ ಮೇಲುನೋಟಕ್ಕೆ ಮಾತ್ರ ಚೆನ್ನಾಗಿದೆ. ಹಳೆಯ ಆಟದಲ್ಲಿ ತುರುಪುಗಳು 21. ‘ಫೂಲ್’ ಎಂಬ ಎಲೆ ಅವುಗಳಲ್ಲಿ ಸೇರಿರಲಿಲ್ಲ, ಅದನ್ನು ಇಳಿಸಿದವನು ಮೊದಲು ಇಳಿದ ಪಂಗಡದ ಎಲೆಯನ್ನೇ ಇಳಿಸಬೇಕೆಂಬ ಕಟ್ಟುಪಾಡಿನಿಂದ ಬಿಡುಗಡೆ ಪಡೆಯುತ್ತಿದ್ದ, ಅಷ್ಟೆ. 22ನ್ನೂ ತುರುಪು ಎನ್ನುವುದು ತಪ್ಪು. ಅಲ್ಲದೆ ಈ ಹೊತ್ತಗೆ ಆಟದ ಕೈಪಿಡಿಯಲ್ಲ. 1781ರಲ್ಲಿ ಫ್ರಾನ್ಸಿನ ಲೇಖಕ ಕೂರ್ ದ ಜೆಬಲೆನ್ ಈ ಎಲೆಗಳು ಪ್ರಾಚೀನ ಈಜಿಪ್ಟಿನ ಜ್ಞಾನಭಂಡಾರವೆಂದು ಸಾರಿದಾಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಇರಲಿಲ್ಲ. ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಅದನ್ನು ಬಿಡಿಸಿದ್ದು 1822ರಲ್ಲಿ. ಆ ಹೇಳಿಕೆ ನಿರಾಧಾರವೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಇಂದು ಭವಿಷ್ಯಕ್ಕಾಗಿ ಎಲೆ ಹರಡುವವರು ಗೂಢಾರ್ಥವನ್ನೇ ಹುಡುಕುತ್ತಾರಾದ್ದರಿಂದ ಅನುವಾದಕರು ಆ ಅರ್ಥವನ್ನು ಅಳಿಸಿಹಾಕುವ ಹಾಗಿಲ್ಲ.

ಉತ್ತರ 1ರವರಿಂದ

ಯೂರೋಪಿನಿಂದ ಬಂದ ತುರುಪು ನಮ್ಮದು, ಸಂಸ್ಕೃತದ ರಹಸ್ಯ ನಮ್ಮದು, ಗುಟ್ಟು ಮಾತ್ರ ಹೊಸೆದದ್ದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎರವಲು ಪದಗಳನ್ನು ಸಲೀಸಾಗಿ ಒಪ್ಪಿಕೊಂಡು ನಮ್ಮ ಪದಗಳನ್ನು ಮಾತ್ರ ಪರೀಕ್ಷೆಗೆ ಒಡ್ಡುವ ಈ ಅಭ್ಯಾಸದಿಂದಲೇ ಕನ್ನಡದಲ್ಲಿ ಪದ ಕಟ್ಟುವ ಧೈರ್ಯ ಕುಂದಿದೆ.

ಉತ್ತರ 2ರವರಿಂದ

ಬಳಕೆಯಲ್ಲಿರುವ ಪದವನ್ನು ಕೇಳಿದ ಕೂಡಲೇ ಓದುಗರಿಗೆ ಅರ್ಥವಾಗುತ್ತದೆ. ನನ್ನ ಅಳತೆಗೋಲು ಅದೊಂದೇ. ಫೂಲ್‌ನ ವಿಷಯವನ್ನು ಒಪ್ಪುತ್ತೇನೆ: ‘ಮರುಳ’ ಎಂಬ ಹೆಸರಿನಲ್ಲಿ ಅವನನ್ನು ಬೇರೆಯಾಗಿಯೇ ಹೇಳಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ‘ಹದ’, ‘ನೇತಾಡುವವನು’ ಎರಡನ್ನೂ ಸೇರಿಸಿಕೊಂಡಿದ್ದೇನೆ. ಅಧ್ಯಾಯದ ತಲೆಬರಹದಲ್ಲಿ ‘ಮರುಳ ಮತ್ತು 21 ತುರುಪುಗಳು’ ಎಂದಿರಲಿದೆ. ಆರ್ಕಾನ ಎಂಬ ಹೆಸರನ್ನೂ ಅದರ ಗೂಢಾರ್ಥವನ್ನೂ ಮೊದಲ ಪುಟದಲ್ಲಿ ವಿವರಿಸುತ್ತೇನೆ. ಇನ್ನೊಂದು ಪದ ಉಳಿದಿದೆ. 20ನೆಯ ಎಲೆಯಲ್ಲಿ ದೇವದೂತ ಕಹಳೆ ಊದುತ್ತಿದ್ದಾನೆ, ಶವಪೆಟ್ಟಿಗೆಗಳಿಂದ ಜನ ಕೈಚಾಚಿ ಏಳುತ್ತಿದ್ದಾರೆ. ಹೆಸರು ಜಡ್ಜ್‌ಮೆಂಟ್. ‘ತೀರ್ಪು’ ಎಂದರೆ 11ನೆಯ ‘ನ್ಯಾಯ’ದೊಡನೆ ಗೊಂದಲವಾಗುತ್ತದೆ. ‘ಕಡೆಯ ಕರೆ’ ಎನ್ನಬಹುದೇ?